ಸೈಲೆನ್ಸರ್ ಪೈಪಿಗೆ ತುರುಕಿದ ಉಕ್ಕಿನ ನಾರು

2014ನೇ ಇಸವಿ ನವೆಂಬರ್ 3, ಸೋಮವಾರ, ಬೆಳಿಗ್ಗೆ 9-40. ಕುಹ್ಮೊ ಪೊಲೀಸ್ ಠಾಣೆ.

ಹಿಲ್ಯಾ ಕೆಂಪ್ಪೈನೆನ್, ಗಂಡ ತೈಸ್ಟೊ, ವಯಸ್ಸು 68, ನಿವೃತ್ತ ಶಾಲಾ ಅಡುಗೆಯವಳು, ವಾಸ ಹೌಕಿಪೆರಾ ಹಳ್ಳಿ, ಕುಹ್ಮೊ, ಆದ ನಾನು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮದು ಇಪ್ಪತ್ತೆಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಈ ಚಳಿಗಾಲ ಅದನ್ನು ಓಡಿಸಬೇಕೋ, ಹಳೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿಡಬೇಕೋ ಎಂದು ನನಗೂ ನನ್ನ ಗಂಡನಿಗೂ ಎರಡು ವಾರದಿಂದ ಮಾತು ನಡೆದಿತ್ತು. ಅವರಿಗೆ 73. ಎದುರು ಬರುವ ಗಾಡಿಯ ದೀಪ ಕಣ್ಣಿಗೆ ಬಿದ್ದರೆ ಅವರಿಗೆ ರಸ್ತೆಯ ಅಂಚು ಕಾಣುವುದಿಲ್ಲ. "ಕಾರು ನಿಲ್ಸಿದ್ರೆ ಪಕ್ಕದಲ್ಲಿ ನನಗೂ ಒಂದು ಗೋಣಿಚೀಲ ಹೊದಿಸಿ ನಿಲ್ಸು" ಎಂದು ಅವರು ನಕ್ಕರು. ಭಾನುವಾರ ಊಟದ ಹೊತ್ತಿಗೆ ತೀರ್ಮಾನ ಹೇಳುವುದಾಗಿ ತಿಳಿಸಿದರು.

ಶನಿವಾರ ಮಧ್ಯಾಹ್ನ 2-15ಕ್ಕೆ, ಅವರು ಹಬೆಸ್ನಾನದ ಸೌನಾ ಕೋಣೆಗೆ ಕಟ್ಟಿಗೆ ಒಡೆಯುತ್ತಿದ್ದಾಗ, ನಾನು ಕಾರಿನ ಸೈಲೆನ್ಸರ್ ಪೈಪಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರು ತುರುಕಿದೆ. ಇಲಿ ಗೂಡು ಕಟ್ಟದಿರಲೆಂದು, ಕಾರು ನಿಲ್ಲಿಸುವ ಚಳಿಗಾಲಗಳಲ್ಲಿ ಇದು ನನ್ನ ಕೆಲಸ. ತುರುಕಿದವರು, ಪೈಪು ಮುಚ್ಚಿದೆ ಎಂಬ ಗುರುತಿಗೆ, ಸ್ಟೀರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು. ನಮ್ಮ ಹಳ್ಳಿಯಲ್ಲಿ ಎಲ್ಲರೂ ಕಟ್ಟುತ್ತಾರೆ. ಈ ಸಲ ನಾನು ಕಟ್ಟಲಿಲ್ಲ. ಕಟ್ಟಿದ್ದರೆ, ಅವರಿಗಿಂತ ಮೊದಲು ನಾನೇ ತೀರ್ಮಾನ ಮಾಡಿದ್ದು ಗೊತ್ತಾಗುತ್ತಿತ್ತು.

ಭಾನುವಾರ 10-50ಕ್ಕೆ ಗಂಜಿ ಪಾತ್ರೆ ತೊಳೆಯುತ್ತಿದ್ದಾಗ, ಕಾರು ಗೇಟು ದಾಟುವುದು ಕಿಟಕಿಯಿಂದ ಕಂಡಿತು. ಅವರ ಫೋನು ಮೇಜಿನ ಮೇಲೆಯೇ ಇತ್ತು. ನಾನು ಮನೆಯ ಚಪ್ಪಲಿಯಲ್ಲೇ 300 ಮೀಟರ್ ಓಡಿ ನೆರೆಯ ವೇಯೊ ಹ್ಯಾರ್ಕೊನೆನ್ ಅವರ ಬಾಗಿಲು ಬಡಿದೆ.

"ಏನಾಯ್ತು ಹಿಲ್ಯಾ, ಮನೆಗೆ ಬೆಂಕಿ ಬಿತ್ತಾ?"

"ಪೈಪಿಗೆ ನಾರು ತುರುಕಿದೀನಿ. ತೈಸ್ಟೊಗೆ ಗೊತ್ತಿಲ್ಲ. ಹೊರಟುಬಿಟ್ಟ."

ವೇಯೊ ಬೇರೇನೂ ಕೇಳದೆ, ಬೂಟಿನ ಲೇಸು ಕಟ್ಟದೆ, ತಮ್ಮ ವ್ಯಾನು ಹತ್ತಿದರು. ನಾನೂ ಪಕ್ಕದಲ್ಲಿ ಕೂತೆ.

11-12ಕ್ಕೆ, ಮನೆಯಿಂದ 6.4 ಕಿ.ಮೀ. ದೂರದ ಬಸ್ ನಿಲ್ದಾಣದ ಬಳಿ ಕಾರು ಕಂಡಿತು. ಎಂಜಿನ್ ಓಡುತ್ತಿತ್ತು. ನಾಲ್ಕೂ ಗಾಜು ಮುಚ್ಚಿದ್ದವು. ನನ್ನ ಗಂಡನ ಗದ್ದ ಎದೆಗೆ ತಾಗಿತ್ತು. ವೇಯೊ ಬಾಗಿಲು ತೆಗೆದು ಅವರನ್ನು ಹಿಮಕ್ಕೆ ಎಳೆದು ಮಲಗಿಸಿದರು. ಒಂದು ಕೈಗವಸು ಕಳಚಿತ್ತು. ನಾನು ಅದನ್ನು ತೊಡಿಸಲು ನೋಡುತ್ತಿದ್ದೆ.

"ಗವಸು ಬಿಡೇ! ಹೆಸರು ಹಿಡಿದು ಕೂಗು!" ಎಂದು ವೇಯೊ ಗದರಿದರು.

ಕೂಗಿದೆ. ಎಷ್ಟು ಸಲ ಎಂದು ಹೇಳಲಾರೆ. 11-16ಕ್ಕೆ ಅವರು ಕೆಮ್ಮಿದರು. ವೇಯೊ ಫೋನು ಮಾಡಿ ಕರೆದ ಆಂಬುಲೆನ್ಸ್ 11-41ಕ್ಕೆ ಬಂತು. ಹೊರಹೋಗಲಾರದ ಹೊಗೆ ಪೈಪಿನ ತುಕ್ಕು ಹಿಡಿದ ತೂತಿನಿಂದ ಕಾರಿನೊಳಗೆ ಸೇರಿದೆ ಎಂದು ಆಮೇಲೆ ಅಲ್ಲಿಗೆ ಬಂದ ನಿಮ್ಮ ಅಧಿಕಾರಿ ಸ್ಥಳದಲ್ಲೇ ನನಗೆ ತೋರಿಸಿದರು.

ಸಂಜೆ 5ಕ್ಕೆ ಆಸ್ಪತ್ರೆಯಲ್ಲಿ ನನ್ನ ಗಂಡನಿಗೆ ಮಾತು ಬಂತು. ತಮಗೆ ಹೃದಯಾಘಾತವಾಯಿತೆಂದು ಅವರು ನಂಬಿದ್ದಾರೆ. "ನೀನು ಹೇಳಿದ್ದೇ ಸರಿ ಕಣೇ, ಕಾರು ನಿಲ್ಸೋಣ. ಟ್ಯಾಂಕ್ ತುಂಬಿಸಿ ತಂದು ನಿಲ್ಸೋಣ ಅಂತ್ಲೇ ಹೊರಟಿದ್ದೆ" ಎಂದರು.

ನಾರಿನ ವಿಷಯ ಅವರಿಗೆ ಬೇರೆ ಯಾರೂ ತಿಳಿಸಬಾರದೆಂದು ಕೋರುತ್ತೇನೆ. ಇಂದು ಮಧ್ಯಾಹ್ನ 2ಕ್ಕೆ ರೋಗಿಗಳನ್ನು ನೋಡಲು ಬಿಡುತ್ತಾರೆ. ಆಗ ನಾನೇ ಹೇಳುತ್ತೇನೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಕುಹ್ಮೊ
ದಿನಾಂಕ: 3-11-2014
ಸಹಿ: ಹಿಲ್ಯಾ ಕೆಂಪ್ಪೈನೆನ್