ಬಾಯಿಂದ ಶ್ವಾಸಕೋಶಕ್ಕೆ ಒಂದು ಗೆರೆ

ನಕ್ಕೆ! ಈಗ ನಕ್ಕೆ ತಾನೇ?... ಇಲ್ವಾ? ಕೆಮ್ಮಾ? ಸರಿ ಬಿಡು, ಈ ನಿನ್ನ ಮುನಿಕೃಷ್ಣ ಮೇಷ್ಟ್ರು ಕೆಮ್ಮಿಗೂ ಹಾಜರಿ ಹಾಕ್ತಾರೆ.

ನಾನು ಇಲ್ಲೇ ಹೊಸ್ತಿಲ ಮೇಲೆ ಕೂತಿರ್ತೀನಿ ಭಾಗ್ಯಶ್ರೀ. ನಿಮ್ಮಮ್ಮ ನೀರು ಹಿಡ್ಕೊಂಡು ಬರೋಷ್ಟರಲ್ಲಿ ನೀನು ಹೂಂ ಅನ್ಬೇಕು. ನೀನು ಸ್ಕೂಲಿಗೆ ಬರದೇ ಮೂರು ದಿನ ಆಯ್ತು! ನಿಮ್ಮಮ್ಮ ಏನಂದ್ರು ಗೊತ್ತಾ? "ಒಲ್ಲೆ ಅಂದ್ರ ಬ್ಯಾಡ ಬಿಡ್ರಿ ಸರ, ತಮ್ಮನ್ನ ನೋಡ್ಕೋಂತ ಮನ್ಯಾಗ ಇರಲಿ" ಅಂತ. ಬಿಡಿಸೇ ಬಿಡ್ತಾರೆ ಕಣಮ್ಮ!

ಯಾರೋ ಕಂಪನಿಯವರು ನಕ್ಕಿದ್ದಕ್ಕೆ ಇಷ್ಟು ಅಳ್ತಾರಾ? ಅವರು ಸ್ಕೂಲಿಗೆ ಟ್ಯಾಬ್ ಕೊಟ್ಟೋರು, ಫೋಟೋ ಹೊಡ್ಕೊಳ್ಳೋಕೆ ಬಂದೋರು. ನೀನು ಎದ್ದು "ಅನ್ನ ಬಾಯಿಂದ ಶ್ವಾಸಕೋಶಕ್ಕೆ ಹೋಗುತ್ತದೆ" ಅಂತ ಓದ್ದೆ. ಸ್ಕ್ರೀನ್ ಮೇಲೆ ಹಾಗೇ ಇತ್ತಲ್ಲ! ತಪ್ಪು ನಿಂದಲ್ಲ. ಲಾವಣ್ಯ ಟೀಚರ್ದು... ಅವರದೂ ಅಲ್ಲ ಅನ್ನು, ಟ್ಯಾಬಲ್ಲಿ ಅವರು ಮಾಡಿದ ಆ ಮೈಂಡ್ ಮ್ಯಾಪಿಂದು, ಆ ವೃತ್ತ-ಗೆರೆಗಳ ಚಿತ್ರದ್ದು.

ಯಾಕೆ ಹಾಗೆ ನೋಡ್ತೀಯ? ಹೊಟ್ಟೆಕಿಚ್ಚಾ? ನನಗಾ? ಹ್ಹೆ!

ಇಪ್ಪತ್ತೆರಡು ವರ್ಷ ಕಾಡುಗೋಡಿ ಮಕ್ಕಳಿಗೆ ಬಣ್ಣದ ಚಾಕಲ್ಲಿ ಹೃದಯ ಬರೆದು ತೋರಿಸಿದೋನು ನಾನು. ನಾನು ಬರೆದ ಹೃದಯ ನೋಡೋಕೆ ಒಬ್ಬ ಡಾಕ್ಟರ್ ಕಿಟಕೀಲಿ ನಿಂತಿದ್ರು... ಡಾಕ್ಟರಲ್ಲ, ಕಾಂಪೌಂಡರ್... ಸರಿನಮ್ಮ, ಮಾತ್ರೆ ಅಂಗಡಿಯವನು. ನಿಂತಿದ್ದಂತೂ ನಿಜ! ಈಗ? ಆ ಟೀಚರ್ ಸ್ಕ್ರೀನ್ ಮೇಲೆ ಒಂದು ವೃತ್ತ ಒತ್ತಿದ್ರೆ ನಾಲ್ಕು ಕೊಂಬೆ ಬಿಚ್ಕೊಳ್ಳುತ್ತೆ, ನೀವೆಲ್ಲ "ಓ..." ಅಂತೀರ. ನನ್ನ ಪೀರಿಯಡ್‌ನಲ್ಲಿ "ಸಾರ್, ಟ್ಯಾಬ್ ತರ್ಲಾ?" ಅಂದಿದ್ದು ಯಾರು? ನೀನು! ನಾಲ್ಕನೇ ಕ್ಲಾಸಿಂದ ನನ್ನ ಚಾಕ್ ಡಬ್ಬಿ ಯಾರಿಗೂ ಕೊಡದೆ ಹಿಡ್ಕೊಂಡು ಓಡಾಡ್ತಿದ್ದ ನೀನು!

ಹೋಗ್ಲಿ ಬಿಡು. ಮೆಷಿನ್ನು ಕಣಮ್ಮ, ಅದರದೇ ಚೇಷ್ಟೆ. ಗೆರೆ ಅದಲುಬದಲಾಗಿವೆ. ಬಾಯಿ ಗೆರೆ ಶ್ವಾಸಕೋಶಕ್ಕೆ, ಮೂಗಿನ ಗೆರೆ ಹೊಟ್ಟೆಗೆ! ನೀನು ಮೂಗಿಂದೂ ಓದಿದ್ದಿದ್ರೆ ಇನ್ನೂ ಮಜಾ...

ಏನು? ಯಾಕೆ ತಲೆ ಎತ್ತಿದೆ?

ಮೂಗಿಂದು... ಹೂಂ. ಒತ್ತಿದ್ರೆ ತಾನೇ ಕೊಂಬೆ ಬಿಚ್ಕೊಳ್ಳೋದು. ನೀನು ಬಾಯಿ ಒಂದನ್ನೇ ಒತ್ತಿದ್ದೆ. ಅಷ್ಟರಲ್ಲಿ ಎಲ್ರೂ ನಕ್ರು, ನೀನು ಓಡ್ದೆ, ಟೀಚರ್ ಸ್ಕ್ರೀನ್ ಆರಿಸಿದ್ರು. ಮೂಗನ್ನ ಯಾರೂ... ಇಲ್ಲ ಇಲ್ಲ, ನಾನು ಆಮೇಲೆ ನೋಡ್ದೆ. ಸ್ಟಾಫ್ ರೂಮಲ್ಲಿ, ಟ್ಯಾಬ್ ತೆಗೆದು...

ಗೊತ್ತು. ಟ್ಯಾಬ್ ಆನ್ ಮಾಡೋಕೂ ಬರಲ್ಲ ಅಂತ ನಾನೇ ಕ್ಲಾಸಲ್ಲೆಲ್ಲ ಹೇಳ್ಕೊಂಡು ಬಂದಿದೀನಿ. ಅದನ್ನೇ ತಾನೇ ಯೋಚಿಸ್ತಿರೋದು?

ನನ್ನನ್ನ ಬೈಯಿ. ನಿಮ್ಮಮ್ಮನ್ನಾದ್ರೂ ಕೂಗು...

ಟೀಚರೇ ಓದ್ತಾರೆ ಅಂದ್ಕೊಂಡು ಗೆರೆ ತಿರುಗಿಸಿದ್ದೆ ಕಣಮ್ಮ. ನಿನ್ನ ಎಬ್ಬಿಸಿ ನಿಲ್ಲಿಸ್ತಾರೆ ಅಂತ... ಆಣೆಗೂ ಗೊತ್ತಿರಲಿಲ್ಲ.