ಮಸ್ಕತ್ತಿನ್ಯಾಗ ನಿಂತ ಅಂಗಳ

...ಅಯ್ಯ, ಮತ್ತ ಅದೇ ಮಾತು! ಆ ಫೋನ್ ಜರಾ ಕೆಳಗಿಡ್ರಿ, ಚಾ ಆರಾಕತ್ತದ. ಹೌದ್ರಿ, ಈಗ ಚೊಕ್ಕ ಕಾಣಸ್ತದ. ಯಾಕ ಕಾಣಸಬಾರದು? ಕ್ಯಾಮೆರಾ ಅಂಗಳದಾಗ, ನೀವ್ ಪಡಸಾಲ್ಯಾಗ. ಕತ್ತು ತಿರುಗಿಸಿದ್ರ ಬರೇ ಕಣ್ಣಿಗೇ ಕಾಣಸ್ತದ!

ನಿನ್ನೆ ಸಂಜಿಗೆ ಮಸ್ಕತ್ತಿನಿಂದ ಬಂದೀರಿ. ಎರಡು ವರ್ಷಕ್ಕೊಮ್ಮೆ ಹುಡಗಿ ಊರಿಗೆ ಬರಾವ್ರು, ಹೆಂಡ್ತಿ ಮುಖ ನೋಡೂದು ಬಿಟ್ಟು ಕ್ಯಾಮೆರಾದ ಮುಖ ನೋಡಾಕತ್ತೀರಿ. 'ದ್ರೌಪತಿ, ಮುಂಜಾನಿ ನೋಡಿದ್ರೂ ಜ್ವಾಳ ಹಸನ ಮಾಡ್ತಿದ್ದಿ, ಮಧ್ಯಾಹ್ನ ನೋಡಿದ್ರೂ ಕೈಯಾಗ ಅದೇ ಮರ, ಅದೇ ಜ್ವಾಳ, ಎತ್ತಿದ ಕೈ ಎತ್ತಿದಂಗೇ!' ಅಂತ ಮಸ್ಕತ್ತಿನಿಂದ ಫೋನ್ ಮಾಡಿ ಕೇಳಿದ್ರಲ್ಲ, ಇಷ್ಟು ಜ್ವಾಳ ನಮ್ಮನ್ಯಾಗ ಎಲ್ಲಿಂದ ಬಂತು ಅಂತ... ನಗ್ರಿ, ನಗ್ರಿ.

ಇಂಟರ್ನೆಟ್ ಲೈನ್ ಕೆಟ್ಟಿಲ್ಲ. ಬೇಕಾದ್ರ ಟೆಸ್ಟ್ ಮಾಡ್ರಿ. ಸಿಟ್ಟಿಗೆದ್ದು ಐವತ್ತರ ಸ್ಪೀಡಿನ ಲೈನ್ ತಗಿಸಿ ನೂರರದು ಹಾಕಿಸಿದ್ರಿ, ನೂರರದು ತಗಿಸಿ ಇನ್ನೂರರದು. ಏನಾಯ್ತು? ಚಿತ್ರದಾಗ ನನ್ನ ಕೈ ಕೆಳಗ ಇಳೀತೇನು?

ಕೇಳ್ರಿ ಇಲ್ಲಿ. ನಾ ಹೊಲಕ್ಕ ಒಂದ್ ಬುಟ್ಟಿ ರೊಟ್ಟಿ ಕಳಸ್ತೀನಿ. 'ಮುಟ್ಟಿತು' ಅಂತ ಖಾಲಿ ಬುಟ್ಟಿ ತಿರುಗಿ ಬಂದ ಮ್ಯಾಲೇ ಮುಂದಿನ ರೊಟ್ಟಿ. ಹೊಲ ಮನಿ ಹಿಂದೇ ಇದ್ರ ಗಪಾಗಪ್. ದೂರ ಮನ್ನಾಏಖೇಳ್ಳಿ ಊರಿನ ಆಚೆ ಇದ್ರ? ಬುಟ್ಟಿ ಹೋಗಿ ಬರೂ ತನಕ ನಾ ಇಲ್ಲಿ ಕೈ ಕಟ್ಕೊಂಡು ಕುಂತೆ, ಅಲ್ಲಿ ಆಳು ಉಪಾಸ ಕುಂತ್ರು. ನೀವ್ ಏನ್ ಮಾಡಿದ್ರಿ? ಹೈವೇ ಅಗಲ ಮಾಡಸ್ಕೋಂತ ಹೋದ್ರಿ! ರಸ್ತಾ ಖಾಲಿ ಬಿದ್ದದ, ಬುಟ್ಟಿ ಅಷ್ಟೇ ಸಣ್ಣದು. ಆ ಹೋಗಿ ಬರೂ ಹೊತ್ತಿಗೆ ಲೇಟೆನ್ಸಿ ಅಂತಾರ. ಬುಟ್ಟಿಗೆ ಟಿಸಿಪಿ ವಿಂಡೋ ಅಂತಾರ, ರೊಟ್ಟಿ ಅಂದ್ರ ಕ್ಯಾಮೆರಾದ ಚಿತ್ರ. ಮಸ್ಕತ್ ದೂರ, ಬುಟ್ಟಿ ಸಣ್ಣದು. ಬಾತ್ ಖತಂ.

ಹಾಂ? ದೊಡ್ಡ ಬುಟ್ಟಿ ಯಾಕ ಇಲ್ಲ? ಅದು ತಾನೇ ದೊಡ್ಡದಾಗ್ತದರಿ. ದೂರ ನೋಡಿ ಕಂಪ್ಯೂಟರ್ ತಾನೇ ಮಾಡ್ಕೋತದ. ಯಾರರೆ ಕೈಯಿಂದ ಹಿಡದು ಸಣ್ಣ ಮಾಡಿದ್ರ ಮಾತ್ರ...

...ಚಾದಾಗ ಸಕ್ಕರಿ ಕಮ್ಮಿ ಆಯ್ತೇನು?

ಹಂಗ ನೋಡಬ್ಯಾಡ್ರಿ. ಇಲಿ ಓಡ್ಯಾಡಿರಬೇಕು ಕ್ಯಾಮೆರಾದ ಕಂಪ್ಯೂಟರ್ ಮ್ಯಾಲ. ಹೌದು... ಇಲಿಗೆ ಪಾಸ್‌ವರ್ಡ್ ಗೊತ್ತಿಲ್ಲ, ಖರೆ.

ನಾನೇ ಸಣ್ಣ ಮಾಡೀನಿ! ಏನೀಗ? ಕಳ್ಳರ ಸಲುವಾಗಿ ಕ್ಯಾಮೆರಾ ಅಂದ್ರಿ. ಕಳ್ಳರು ಬಂದ್ರ ಹಿತ್ತಲಿಂದ ಬರ್ತಾರ, ಕ್ಯಾಮೆರಾ ನೋಡೂದು ಅಂಗಳ! ನಾ ಬಾಗಲ ದಾಟಿದ್ರ ಸಾಕು, ಸಮುದ್ರದ ಆಚೆಯಿಂದ ಫೋನ್. ಎಲ್ಲಿ ಹೊಂಟಿ? ಚೀಲದಾಗ ಏನದ? ಯಾಕ ತಡಾ? ಕ್ಯಾಮೆರಾ ಬಂದ್ ಮಾಡಿದ್ರ ನಿಮಗ ಗೊತ್ತಾಗ್ತಿತ್ತು. ಅದಕ್ಕ ಬಂದ್ ಮಾಡಲಿಲ್ಲ, ಬುಟ್ಟಿ ಸಣ್ಣ ಮಾಡಿದೆ. ಚಿತ್ರ ಜ್ವಾಳದ ಮುಂದ ಹತ್ತಿ ಕುಂತಿತು, ನಾ ಬಸ್ ಹತ್ತಿ ಕುಂತೆ.

ಬಸವಕಲ್ಯಾಣಕ್ಕರಿ. ಬ್ರಾಡ್‌ಬ್ಯಾಂಡ್ ಆಫೀಸಿಗೆ, ತಾಹೇರಾ ಆಪಾ ಅಂತ ಅದರ ಮಾಲಕ್ರು. ನೌಕರಿಗೆ! ಒದರಬ್ಯಾಡ್ರಿ, ಮಂದಿ ಕೇಳ್ತಾರ. ಏನ್ ನೌಕರಿ ಅಂದ್ರ... ಕಸಾ ಹೊಡೀತೀನಿ. ಚಾ ಮಾಡ್ತೀನಿ. ಬುಟ್ಟಿ ಗಿಟ್ಟಿ ಎಲ್ಲಾ ಕಸಾ ಹೊಡ್ಯೋವಾಗ ಕಿವಿಗೆ ಬಿದ್ದದ್ದು. ಅಷ್ಟೇ.

ಬಿಡೂದಿಲ್ಲ. ನಾಳಿ ಸೋಮವಾರ, ಮುಂಜಾನಿ ಬಸ್ಸಿಗೆ ಹೋಗ್ತೀನಿ. ಹೋಗ್ತೀನಿ ಅಂದ್ರ ಹೋಗ್ತೀನಿ! ನೀವ್ ಬಾಗಲಿಗೆ ಅಡ್ಡ ಮಲಗ್ರಿ ಬೇಕಾದ್ರ, ದಾಟಿ ಹೋಗ್ತೀನಿ.

ಯಾರಿಗೆ ಫೋನ್ ಹಚ್ಚಾಕತ್ತೀರಿ? ಆಫೀಸಿಗೆ? ಅಲ್ಲಿ ಕಂಪ್ಲೇಂಟ್ ತಗೊಳ್ಳೋ ಮೇಡಂಗ? ಮಸ್ಕತ್ತಿನಿಂದ ಫೋನ್ ಮಾಡಿದಾಗೆಲ್ಲಾ ಭಾಳ ಮರ್ಯಾದಿಲೆ ಮಾತಾಡಿದ್ರು ಅಂತೀರಿ... ಸಮುದ್ರ ದೂರ ಸರ್, ಸ್ವಲ್ಪ ತಾಳ್ಮೆಯಿಂದಿರಿ ಸರ್ ಅಂದ್ರು, ಹೌದಲ್ಲ? ನೀವೂ ಹೂಂ ಮೇಡಂ, ದಯಮಾಡಿ ನೋಡ್ರಿ ಮೇಡಂ ಅಂದ್ರಿ. ನನಗ ಒಮ್ಮೆರೆ ದಯಮಾಡಿ ಅಂದೀರೇನು? ಈಗ ಆಕಿಗೆ ಹೇಳಿ ನನ್ನ ಕೆಲಸಾ ಬಿಡಸ್ತೀರಿ? ಹಚ್ರಿ! ನಾ ಯಾಕ ಅಂಜಲಿ? ಹಚ್ರಿ!

...

ಹಾಂ, ರಿಂಗಿನ ಸಪ್ಪಳ ಇಲ್ಲೇ ಬರಾಕತ್ತದ. ಗೂಟದ ಮ್ಯಾಲಿನ ಆ ಚೀಲದಾಗ. ಐತಾರ ಆಫೀಸ್ ಬಂದ್ ಇದ್ರೂ ಮಂದಿ ಕಂಪ್ಲೇಂಟ್ ಬಂದ್ ಇರಾಂಗಿಲ್ಲ. ಅದಕ್ಕ ಆಫೀಸಿನ ಫೋನ್ ಮನಿಗೇ ತರ್ತೀನಿ.

ಕಟ್ ಮಾಡಬ್ಯಾಡ್ರಿ. ತಡೀರಿ, ಎತ್ತತೀನಿ.

ನಮಸ್ಕಾರ ಸರ್. ತಮ್ಮ ದೂರನ್ನು ತಿಳಿಸಿ.

ಹಲೋ?... ದೇವಿದಾಸ ಸರ್?... ಕ್ಷಮಿಸಿ, ತಮ್ಮ ಧ್ವನಿ ಕೇಳಿಸುತ್ತಿಲ್ಲ.