ನಾಲ್ಕು ಬೆರಳು ಮೇಲೇರಿಸಿದ ಸ್ಟೆಪ್ನಿಯ ಕುರಿತು ಎರಡನೆಯ ಹೇಳಿಕೆ

ಹೆಸರು: ಮುಹನ್ನಾ ಬಿನ್ ಸುವೈದ್ ಅಲ್ ಹಜ್ರಿ. ವಯಸ್ಸು: ಐವತ್ತೆಂಟು. ಉದ್ಯೋಗ: ತೋಟಗಳಿಗೆ ನೀರಿನ ಸರದಿ ಹಂಚುವ ಕಾಲುವೆ ಸಮಿತಿಯ ಮುಖ್ಯಸ್ಥ. ವಾಸ: ಅಲ್ ವಾಸಿಲ್, ಬಿದಿಯಾ, ಒಮಾನ್. ಮೃತ ಕಹ್ಲಾನನ ತಂದೆ.

ಮೇಲ್ಕಂಡ ನಾನು, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ:

ನನ್ನನ್ನು ಠಾಣೆಗೆ ಕರೆಸದೆ ನಮ್ಮ ಕೇರಿಯ ಚಾವಡಿಗೇ ಬಂದ ಸಾರ್ಜೆಂಟ್ ಬದ್ರ್ ಅವರಿಗೂ, ಬರೆದುಕೊಳ್ಳುತ್ತಿರುವ ಪೇದೆಗೂ, ಸಾಕ್ಷಿಯಾಗಿ ಕೂತಿರುವ ಹಿರಿಯರಾದ ಶೇಖ್ ನಬ್ಹಾನ್ ಅವರಿಗೂ ಧನ್ಯವಾದಗಳು. ಬಂದೊಡನೆ ತಾವು ಮೂವರೂ ಸಂತಾಪ ಸೂಚಿಸಿದಿರಿ. ಅದನ್ನು ನಾನು ಸ್ವೀಕರಿಸುವುದಿಲ್ಲ. ಸಂತಾಪದ ಮೂರು ದಿನಗಳು ಸೋಮವಾರಕ್ಕೆ ಮುಗಿದಿವೆ, ಇಂದು ಗುರುವಾರ. ಅಲ್ಲದೆ ಈ ಹೇಳಿಕೆ ಮುಗಿಯುವ ಹೊತ್ತಿಗೆ ಆ ಮಾತು ಯಾರಿಗೆ ಸಲ್ಲಬೇಕಿತ್ತೆಂಬ ಪ್ರಶ್ನೆ ಏಳುತ್ತದೆ. ಕಾಫಿ ಆರುತ್ತಿದೆ, ಕುಡಿಯಿರಿ.

ಜನವರಿ ೧೨ರ ನನ್ನ ಮೊದಲ ಹೇಳಿಕೆಯಲ್ಲಿ, ನನ್ನ ಮಗನ ಬಾಲ್ಯದ ಗೆಳೆಯ ಶಿಹಾಬ್ ಬಿನ್ ಹಮದ್, ವಯಸ್ಸು ಇಪ್ಪತ್ತೈದು, ಬೇಕೆಂದೇ ನನ್ನ ಮಗನ ಮೇಲೆ ಜೀಪು ಹಿಮ್ಮುಖವಾಗಿ ಹಾಯಿಸಿದನೆಂದು ದೂರಿದ್ದೇನೆ. ಆ ದೂರು ರುಜುವಾತಾದರೆ, ನಮ್ಮ ಕಾನೂನಿನಂತೆ, ಹುಡುಗನ ತಲೆ ಉಳಿಯುವುದೂ ಹೋಗುವುದೂ ಮೃತನ ತಂದೆಯಾದ ನನ್ನ ಮಾತಿಗೆ ಬಿಟ್ಟದ್ದು. ಅವನು ಅಂದಿನಿಂದ ಲಾಕಪ್ಪಿನಲ್ಲಿದ್ದಾನೆ. ಆ ದೂರಿಗೆ ಬಂದ ದಾರಿಯನ್ನೂ, ಅದರಿಂದ ಮುಂದಿನ ದಾರಿಯನ್ನೂ ಕ್ರಮವಾಗಿ ಹೇಳುತ್ತೇನೆ.

ಡಿಸೆಂಬರ್ ೨೦, ಶುಕ್ರವಾರ. ಕಹ್ಲಾನ್ ತನ್ನ ಸಣ್ಣ ಜೀಪಿಗೆ ನಾಲ್ಕು ದೊಡ್ಡ ಟೈರು ಹಾಕಿಸಿ ತಂದ. ಹಿಂಬಾಗಿಲಿಗೆ ಬಿಗಿದ ಸ್ಟೆಪ್ನಿ ಮಾತ್ರ ಕಂಪನಿ ಕೊಟ್ಟ ಹಳೆಯ ಚಿಕ್ಕದೇ. ಮಧ್ಯಾಹ್ನದ ಊಟದ ನಂತರ ಇದೇ ಚಾವಡಿಯಲ್ಲಿ ನಾನು ಅದನ್ನು ಎತ್ತಿ ಆಡಿದೆ. "ಚಿಕ್ಕ ಸ್ಟೆಪ್ನಿ ಕಟ್ಕೊಂಡು ಮರಳಿಗಿಳಿಯೋದೂ ಒಂದೇ, ಒಂದು ಕಾಲಿಗೆ ಮಗೂ ಚಪ್ಪಲಿ ಹಾಕ್ಕೊಂಡು ಹಜ್‌ಗೆ ಹೊರಡೋದೂ ಒಂದೇ" ಎಂದೆ. ಜನ ನಕ್ಕರು. ಬಾಗಿಲಿನ ಕೀಲು ಅಷ್ಟು ಭಾರ ತಡೆಯುವುದಿಲ್ಲವೆಂದು ಕಹ್ಲಾನ್ ಹೇಳಿದ. ಕೀಲಿಗೆ ಪಟ್ಟಿ ಕಟ್ಟಿಸು ಎಂದೆ. ದೊಡ್ಡದನ್ನು ಛಾವಣಿಯ ಮೇಲೆ ಕಟ್ಟೋಣವೆಂದು ಶಿಹಾಬ್ ಹೇಳಿದ. ಮರಳಿನ ಇಳಿಜಾರಿನಲ್ಲಿ ತಲೆಭಾರದ ಗಾಡಿ ಮಗುಚುತ್ತದೆ ಎಂದೆ. ಇಬ್ಬರೂ ಸುಮ್ಮನಾದರು. ಕಾಲೇಜಿನಲ್ಲಿ ನಾಲ್ಕು ವರ್ಷ ನಾನು ಚರ್ಚಾಕೂಟದ ನಾಯಕನಾಗಿದ್ದೆ. ಎದುರಾಳಿ ಸುಮ್ಮನಾದರೆ ಒಪ್ಪಿದನೆಂದು ಬರೆದುಕೊಳ್ಳುವುದು ಅಲ್ಲಿನ ನಿಯಮ. ೨೬ರಂದು ದೊಡ್ಡ ಸ್ಟೆಪ್ನಿ ಹಿಂಬಾಗಿಲೇರಿತು.

ಜನವರಿ ೧೦, ಶುಕ್ರವಾರ, ಸಂಜೆ ೪:೨೦. ಡಾಂಬರು ರಸ್ತೆಯಿಂದ ಆರು ಕಿಲೋಮೀಟರ್ ಒಳಗೆ, ದಿಬ್ಬದ ಬುಡದಲ್ಲಿ ಜೀಪು ಹೂತುಕೊಂಡಿತು. ಸ್ಟಿಯರಿಂಗ್ ಹಿಡಿದಿದ್ದವನು ಶಿಹಾಬ್. ಹಿಂದಿನ ಎಡ ಚಕ್ರದ ಬಳಿ ಮರಳು ತೋಡುತ್ತಿದ್ದವನು ಕಹ್ಲಾನ್. ತೋಡಿದವನು ಬಂದು ಚಾಲಕನ ಬಾಗಿಲು ತಟ್ಟಬೇಕು, ಗಾಡಿಯ ಮುಂದೆ ಹೋಗಿ ನಿಲ್ಲಬೇಕು, ಆಮೇಲೆಯೇ ರಿವರ್ಸ್ ಗೇರು. ನಮ್ಮಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ೫:೫೫ಕ್ಕೆ ಆಸ್ಪತ್ರೆಯ ಅಂಗಳದಲ್ಲಿ ಶಿಹಾಬ್ ನನಗೆ ಹೇಳಿದ್ದಿಷ್ಟು: "ಬಾಗ್ಲು ತಟ್ಟಿದ ದೊಡ್ಡಪ್ಪಾ. ತಟ್ಟಿ, ಗಾಡಿ ಹಿಂದಕ್ಕೆ ತೆಗಿ ಅಂದ. ಮುಂದೆ ಬರ್ತಾನೆ ಅಂದ್ಕೊಂಡೆ. ಕನ್ನಡಿ ನೋಡ್ದೆ, ಬರೀ ಕಪ್ಪು ಟೈರು ಕಾಣ್ತು." ಕಹ್ಲಾನ್ ಚಕ್ರದ ಬಳಿ ಬಿಟ್ಟಿದ್ದ ಸಲಿಕೆ ತರಲು ಮತ್ತೆ ಹಿಂದಕ್ಕೆ ಹೋಗಿದ್ದನಂತೆ. ಸಲಿಕೆ ನಮ್ಮ ಕಾಲುವೆ ಸಮಿತಿಯದು. ಹಿಡಿಯ ಮೇಲೆ ೧೪ ಎಂದು ಸುಟ್ಟು ಬರೆದಿದೆ. ಒಯ್ದದ್ದನ್ನು ತಂದಿಡಬೇಕೆಂಬುದು ನಮ್ಮ ಮನೆಯ ಕಟ್ಟುನಿಟ್ಟು.

ಜನವರಿ ೧೧, ಬೆಳಗ್ಗೆ ೭:೧೦ಕ್ಕೆ ಕಹ್ಲಾನನ ದಫನ್. ೧೦:೦೫ಕ್ಕೆ ಠಾಣೆಯ ಹಿಂದಿನ ಅಂಗಳದಲ್ಲಿ ಜೀಪನ್ನು ನೋಡಿದೆ. ಸ್ಟೆಪ್ನಿ ನಾನು ಮೊದಲು ನೋಡಿದ್ದ ಜಾಗದಲ್ಲಿರಲಿಲ್ಲ. ಬಾಗಿಲ ಮೇಲಿನ ಹಳೆಯ ಗುರುತಿನಿಂದ ಬೆರಳಿಟ್ಟು ಅಳೆದೆ, ಸರಿಯಾಗಿ ನಾಲ್ಕು ಬೆರಳು ಮೇಲೆ. ಬ್ರಾಕೆಟ್ಟು ಹೊಸದು. ಗಾಡಿಯೆಲ್ಲ ಧೂಳಾಗಿದ್ದರೂ ನಟ್ಟುಗಳು ಮಿಂಚುತ್ತಿದ್ದವು. ಹಿಂದಿನ ಗಾಜಿನ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಒಳಗೆ ಕೂತು ಕನ್ನಡಿಯಲ್ಲಿ ನೋಡಿದೆ. ಹಿಂದೆ ನಿಂತ ಪೇದೆ ನನಗೆ ಕಾಣಲಿಲ್ಲ. ಅವನ ಎತ್ತರ ನನ್ನ ಮಗನಷ್ಟೇ ಇತ್ತು.

ಯಾರೋ ಕನ್ನಡಿಗೆ ಮುಚ್ಚಳ ಹಾಕಿದ್ದಾರೆ, ಆಮೇಲೆ 'ಕಾಣಲಿಲ್ಲ' ಎನ್ನುತ್ತಿದ್ದಾರೆ ಎಂಬ ಸಂಶಯ ನನಗೆ ಬಂದದ್ದು ಆ ಸೀಟಿನಲ್ಲಿ.

ಅದೇ ದಿನ ಸಂಜೆ ೪ಕ್ಕೆ, ಸಂತಾಪಕ್ಕೆ ಬಂದ ಅರವತ್ತು ಜನರೆದುರು, ಈ ಕಂಬದ ಪಕ್ಕದಲ್ಲಿ ಕೂತಿದ್ದ ಶಿಹಾಬನನ್ನು ಎಬ್ಬಿಸಿ ಕೇಳಿದೆ. "ಸ್ಟೆಪ್ನಿ ಮೇಲೇರಿಸಿದ್ದು ಯಾರು?" ಅವನು ಮಾತಾಡಲಿಲ್ಲ. "ನಿನಗೆ ಗೊತ್ತಾ, ಗೊತ್ತಿಲ್ವಾ?" "ಗೊತ್ತು ದೊಡ್ಡಪ್ಪಾ." "ಹೇಳು ಮತ್ತೆ." ಅವನು ನೆಲ ನೋಡಿದ. "ಬಾಯಲ್ಲಿ ಏನು, ಖರ್ಜೂರದ ಬೀಜ ಸಿಕ್ಕಿಹಾಕ್ಕೊಂಡಿದೆಯಾ?" ಎಂದೆ. ಆಗಲೂ ಸುಮ್ಮನೆ ನಿಂತಿದ್ದ. ನಾನು ಒಪ್ಪಿಗೆ ಎಂದು ಬರೆದುಕೊಂಡೆ. ಶೇಖ್ ನಬ್ಹಾನರು ನನ್ನ ತೋಳು ಹಿಡಿದು ಕೂರಿಸಿದರು.

ಜನವರಿ ೧೨. ನೆರೆಮನೆಯ ಖಲ್ಫೂನ್ ಬಂದು ಗುಟ್ಟಿನಲ್ಲಿ ತಿಳಿಸಿದ್ದೇನೆಂದರೆ, ೨ನೇ ತಾರೀಖು ಗ್ಯಾರೇಜಿನ ಪಕ್ಕದ ಚಹಾ ಅಂಗಡಿಯೆದುರು ಇಬ್ಬರೂ ಹುಡುಗರು ಜಗಳವಾಡಿದರು. ಶಿಹಾಬ್ ಬೆರಳು ತೋರಿಸಿ, "ಮಣ್ಣಾಗ್ತೀಯ ನೋಡು, ಬರ್ದಿಟ್ಕೋ" ಎಂದು ಕೂಗಿದ. ಮುಚ್ಚಿದ ಕನ್ನಡಿ, ಮೌನ, ಬೆದರಿಕೆ. ಚರ್ಚೆಗೆ ಮೂರು ಅಂಶ ಸಾಕು. ೧೧:೩೦ಕ್ಕೆ ಠಾಣೆಯಲ್ಲಿ ದೂರು ಬರೆಸಿದೆ. ಮನೆಗೆ ಬಂದಾಗ ನನ್ನ ಹೆಂಡತಿ ಶಂಸಾ ಎಲ್ಲಿಗೆ ಹೋಗಿದ್ದಿರೆಂದು ಕೇಳಿದಳು, ಹೇಳಿದೆ. ಅವಳು ತಟ್ಟೆ ತಂದಿಟ್ಟು, "ಗೆದ್ರಲ್ಲ. ಉಣ್ಣಿ" ಎಂದಳು. ಅದರ ಅರ್ಥವನ್ನು ಆಗ ಕೇಳಲಿಲ್ಲ.

ಜನವರಿ ೧೫, ಬೆಳಗ್ಗೆ ೯:೪೦. ಸಾಕ್ಷ್ಯ ಗಟ್ಟಿಮಾಡಿಕೊಳ್ಳಲು ಗುಲ್ ಜಮಾನನ ಗ್ಯಾರೇಜಿಗೆ ಹೋದೆ. ಅವನು ಪಠಾಣ, ಇಪ್ಪತ್ತೆರಡು ವರ್ಷಗಳಿಂದ ನಮ್ಮ ಊರಿನ ಗಾಡಿಗಳಿಗೆ ವೆಲ್ಡಿಂಗ್ ಮಾಡುತ್ತಾನೆ. ಆ ಬ್ರಾಕೆಟ್ಟು ಮಾಡಿದ್ದು ನೀನೇ ಏನೆಂದು ಕೇಳಿದೆ.

"ನಾನೇ ಹಾಜಿ. ಮೂವತ್ತನೇ ತಾರೀಖು, ಸೋಮವಾರ."

ಶಿಹಾಬ್ ಮಾಡಿಸಿದ್ದಲ್ಲವೇ ಎಂದೆ.

"ಅಯ್ಯೋ, ಆ ಹುಡ್ಗ ಬಂದಿದ್ದು ಅದನ್ನ ಇಳ್ಸಕ್ಕೆ! ಎರಡನೇ ತಾರೀಖು ಇಲ್ಲೇ ನಿಂತ್ಕೊಂಡು ಒಂದು ಗಂಟೆ ಕಿರುಚಾಡ್ದ. ಹಿಂದೆ ಒಂಟೆ ನಿಂತ್ರೂ ಕಾಣಲ್ಲ ಮಾರಾಯ, ಇದು ನಿನ್ನ ಮಣ್ಣು ಮಾಡುತ್ತೆ, ಇಳಿಸ್ಕೋ ಅಂತ. ನಟ್ಟು ಬಿಚ್ಚಕ್ಕೆ ಪಾನೆ ತಾನೇ ಕೈಗೆ ತಗೊಂಡ. ನಿಮ್ಮ ಮಗ ಬಿಡ್ಲಿಲ್ಲ."

ಏಕೆ ಬಿಡಲಿಲ್ಲವೆಂದು ಕೇಳಿದೆ. ಗುಲ್ ಜಮಾನ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದ.

"ಹೇಳು" ಎಂದೆ.

"ನಗ್ತಾ ಹೇಳ್ದ ಹಾಜಿ, ಬೇಜಾರು ಮಾಡ್ಕೋಬೇಡಿ. 'ಅಪ್ಪ ಹೇಳಾಯ್ತು ಕಣೋ. ಅವ್ರ ಹತ್ರ ವಾದ ಮಾಡಿ ಗೆದ್ದೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ, ಈಗ್ಲೇ ಇಳಿಸ್ತೀನಿ' ಅಂದ. ಅಳತೆ ಕೂಡ ಅವನೇ ತೋರಿಸಿದ್ದು, ಹೀಗೆ." ಗುಲ್ ಜಮಾನ್ ನಾಲ್ಕು ಬೆರಳು ಜೋಡಿಸಿ ಅಡ್ಡಲಾಗಿ ಹಿಡಿದ.

ಆ ಬೆರಳುಗಳು ನನಗೆ ಗೊತ್ತಿದ್ದವು. ಡಿಸೆಂಬರ್ ೨೮, ಶನಿವಾರ, ಬೆಳಗ್ಗೆ ೭:೧೫. ಉಪಾಹಾರ ಮುಗಿಸಿ ಕಾಲುವೆಗೆ ಹೊರಟಿದ್ದೆ. ಹೊಸ ಸ್ಟೆಪ್ನಿ ಬಂಪರಿನ ಮೇಲಿನ ನಂಬರ್ ಪ್ಲೇಟಿಗೆ ಅಡ್ಡವಾಗಿ ಇಳಿಬಿದ್ದಿತ್ತು. ಪ್ಲೇಟಿನ ಮೇಲೆ ನಾಲ್ಕು ಬೆರಳು ಅಡ್ಡಲಾಗಿಟ್ಟು ನಾನು ಹೇಳಿದ್ದು: "ಇಷ್ಟು ಮೇಲಕ್ಕೆ ಏರಿಸು. ಹೆಸರು ಮುಚ್ಕೊಂಡು ಓಡಾಡೋಕೆ ನಾವೇನು ಕಳ್ಳರಾ?" ಹಿಂದಿನ ಗಾಜು ಮುಚ್ಚಿಹೋಗುತ್ತದಲ್ಲ ಅಪ್ಪಾ ಎಂದು ಕಹ್ಲಾನ್ ಹೇಳಿದ. "ಮುಂದೆ ನೋಡಿ ಓಡಿಸೋನಿಗೆ ಹಿಂದೆ ಕಣ್ಣು ಯಾತಕ್ಕೋ?" ಎಂದೆ. ಒಳ್ಳೆಯ ಮಾತೆಂದು ನನಗೇ ಅನ್ನಿಸಿತ್ತು. ಅದೇ ದಿನ ಕಾಲುವೆಯ ಹತ್ತಿರ ಇನ್ನಿಬ್ಬರಿಗೂ ಹೇಳಿದೆ. ಶಂಸಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕಹ್ಲಾನ್ ಸುಮ್ಮನಾದ.

ಆ ಒಟ್ಟು ಮಾತುಕತೆ ಒಂದು ನಿಮಿಷವನ್ನೂ ಮೀರಿರಲಿಲ್ಲ. ನಾನು ಮರೆತಿದ್ದೆ. ನೀರಿನ ಸರದಿಯಲ್ಲಿ ಯಾರ ತೋಟಕ್ಕೆ ಯಾವ ವರ್ಷ ಎಷ್ಟು ನಿಮಿಷ ಹೆಚ್ಚು ಹರಿಯಿತೆಂದು ಬಾಯಿಪಾಠ ಹೇಳಬಲ್ಲ ನಾನು, ಇದನ್ನು ಮರೆತಿದ್ದೆ.

ನಿನ್ನೆ ಮಧ್ಯಾಹ್ನ ೨:೧೦ಕ್ಕೆ, ಸಾರ್ಜೆಂಟ್ ಬದ್ರ್ ಅವರ ಅನುಮತಿಯಿಂದ, ಲಾಕಪ್ಪಿನಲ್ಲಿ ಶಿಹಾಬನನ್ನು ಕಂಡೆ. ಚಾವಡಿಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದೆ.

"ಸೂತಕದ ಚಾವಡೀಲಿ, ಮಗನ್ನ ಕಳ್ಕೊಂಡೋರಿಗೆ ಎದುರು ಮಾತಾಡ್ತಾರಾ ದೊಡ್ಡಪ್ಪಾ?"

ಮೂರು ದಿನ ಕಳೆದ ಮೇಲಾದರೂ ಪೊಲೀಸರಿಗೆ ಹೇಳಬಹುದಿತ್ತಲ್ಲ ಎಂದೆ.

"ಹೇಳಿದ್ರೆ ಅವ್ರು ನಿಮ್ಮನ್ನ ಕೇಳ್ತಿದ್ರು" ಎಂದ. ಆಮೇಲೆ, "ಊಟ ಮಾಡ್ತಿದ್ದೀರಾ?" ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಅದನ್ನು ಅವನು ಏನೆಂದು ಬರೆದುಕೊಂಡನೋ ತಿಳಿಯದು.

ಸೂತಕದ ಮನೆಯವರ ಮಾತಿಗೆ ಎದುರಾಡಬಾರದೆಂಬ ಕಟ್ಟಳೆ ನನ್ನಜ್ಜನ ಕಾಲಕ್ಕೂ ಹಿಂದಿನದು. ಅದರ ಆಸರೆಯಲ್ಲಿ ಕೂತು, ಅರವತ್ತು ಜನರೆದುರು, ಉತ್ತರ ಕೊಡಲಾಗದವನನ್ನು ನಾನು ಪ್ರಶ್ನಿಸಿದೆ. ಯಾವ ಚರ್ಚಾಕೂಟದಲ್ಲೂ ಅದನ್ನು ಗೆಲುವೆಂದು ಎಣಿಸುವುದಿಲ್ಲ.

ಆದ್ದರಿಂದ ಈ ಕೆಳಗಿನದನ್ನು ತೀರ್ಮಾನಿಸಿದ್ದೇನೆ. ನನ್ನ ತಮ್ಮಂದಿರನ್ನಾಗಲಿ ಹೆಂಡತಿಯನ್ನಾಗಲಿ ಶೇಖ್ ಅವರನ್ನಾಗಲಿ ಕೇಳಿಲ್ಲ, ಈಗಲೂ ಕೇಳುತ್ತಿಲ್ಲ. ಶಿಹಾಬ್ ಬಿನ್ ಹಮದ್ ಮೇಲಿನ ನನ್ನ ದೂರನ್ನು ಇಡಿಯಾಗಿ ಹಿಂದಕ್ಕೆ ಪಡೆಯುತ್ತೇನೆ. ಮೃತನ ತಂದೆಯಾಗಿ ಅವನ ಮೇಲೆ ನನಗಿರುವ ಹಕ್ಕನ್ನು ಬಿಟ್ಟುಕೊಡುತ್ತೇನೆ. ಸ್ಟೆಪ್ನಿಯನ್ನು ಎತ್ತರಿಸಲು ಅಪ್ಪಣೆ ಕೊಟ್ಟವರು ಯಾರು ಎಂಬಲ್ಲಿ ನನ್ನ ಹೆಸರನ್ನು ತಂದೆಯ ಹೆಸರಿನ ಸಮೇತ ಬರೆಯತಕ್ಕದ್ದು. ನಾಳೆ ಶುಕ್ರವಾರದ ನಮಾಜಿನ ನಂತರ ಈ ಚಾವಡಿಯನ್ನು ಸಂತಾಪದ ನಾಲ್ಕನೆಯ ದಿನಕ್ಕೆ ತೆರೆಸುತ್ತೇನೆ. ತಾವು ಬಿಟ್ಟು ಕಳಿಸಿದ ಶಿಹಾಬನನ್ನು ಈ ಕಂಬದ ಪಕ್ಕದಲ್ಲೇ ಕೂರಿಸಿ, ಅದೇ ಅರವತ್ತು ಜನರೆದುರು ನಾನು ನಿಂತು, ಇದನ್ನೇ ಹೇಳುತ್ತೇನೆ. ಬಂದವರು ಸಂತಾಪ ಹೇಳುವುದಿದ್ದರೆ ಅವನಿಗೆ ಹೇಳಲಿ. ಗೆಳೆಯನನ್ನು ಕಳೆದುಕೊಂಡವನಿಗೆ ಇದುವರೆಗೆ ಯಾರೂ ಹೇಳಿಲ್ಲ.

ಇದನ್ನು ಕ್ಷಮೆ ಎಂದು ದಾಖಲಿಸಬಾರದು. ಕ್ಷಮಿಸಬೇಕಾದರೆ ತಪ್ಪು ಅವನದಾಗಿರಬೇಕು.

ಬರೆದದ್ದನ್ನು ಪೇದೆ ನನಗೆ ಎರಡು ಸಲ ಓದಿ ಹೇಳಿದ್ದಾರೆ. ಇದು ನಾನು ಹೇಳಿದಂತೆಯೇ ಇದೆ, ನಾನು ಹೇಳಿದ್ದು ನಡೆದಂತೆಯೇ ಇದೆ. ತಿದ್ದುವುದು ಏನೂ ಇಲ್ಲ.

ಸ್ಥಳ: ಅಲ್ ವಾಸಿಲ್ ಕೇರಿ ಚಾವಡಿ
ದಿನಾಂಕ: ೧೬ ಜನವರಿ ೨೦೨೫, ಬೆಳಗ್ಗೆ ೧೧:೨೫
ಸಹಿ: ಮುಹನ್ನಾ ಬಿನ್ ಸುವೈದ್, ಕಹ್ಲಾನನ ತಂದೆ